ವಾಟ್ ಲೆಕ್ಕ ಕೊಟೇಶನ್ನಿನಲ್ಲಿಯೇ ಇರಲಿ

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಜಾರಿಗೆ ಬಂದ ಮೌಲ್ಯವರ್ಧಿತ ತೆರಿಗೆಯು ಬಹುಪಾಲು ಸರಕುಗಳ ಮಟ್ಟಿಗೆ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಗೆ ಸ್ಥಳ ಬಿಟ್ಟುಕೊಟ್ಟಿತು. ಆದರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ "ಎಷ್ಟು ವ್ಯಾಟ್?" ಎಂಬ ಪ್ರಶ್ನೆ ಮಾತ್ರ ಇಂದಿಗೂ ನಿಂತಿಲ್ಲ. ಅಲ್ಲಿ ಕೇಳುತ್ತಿರುವುದು ತೆರಿಗೆಯ ವಿಷಯವಲ್ಲ, ಕಂಪ್ಯೂಟರಿಗೆ ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್‌ನ ಸಾಮರ್ಥ್ಯ. ತೆರಿಗೆಯ ವ್ಯಾಟ್ ಕುರಿತು ಹತ್ತಾರು ಸುತ್ತೋಲೆಗಳು ಹೊರಬಿದ್ದವು. ಈ ಇನ್ನೊಂದರ ಕುರಿತು ವ್ಯಾಪಾರಿಯ ಬಾಯಿಮಾತೇ ಸುತ್ತೋಲೆ. ಬಾಯಿಮಾತಿನ ಈ ವ್ಯವಹಾರದಲ್ಲಿ ಗ್ರಾಹಕನೂ ನಷ್ಟಕ್ಕೆ ಒಳಗಾಗುತ್ತಿದ್ದಾನೆ, ಪ್ರಾಮಾಣಿಕ ವ್ಯಾಪಾರಿಯೂ ನಷ್ಟಕ್ಕೆ ಒಳಗಾಗುತ್ತಿದ್ದಾನೆ.

ಇದು ಹುಡುಗರ ಆಟದ ಸಾಮಾನಿನ ವಿಷಯ, ವಾಣಿಜ್ಯ ಪತ್ರಿಕೆಗೆ ಇದರ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಗೇಮಿಂಗ್ ಕಂಪ್ಯೂಟರೆಂದು ಕರೆಯಲಾಗುವ ಈ ಯಂತ್ರವು ಈಗ ಮನೆಯ ಮೂಲೆಗಷ್ಟೇ ಸೀಮಿತವಾಗಿಲ್ಲ. ಅನಿಮೇಶನ್, ವಿಡಿಯೊ ಸಂಕಲನ, ವಾಸ್ತುಶಿಲ್ಪ ವಿನ್ಯಾಸ ಮುಂತಾದ ಕಸುಬುಗಳು ನಡೆಯುತ್ತಿರುವುದೂ ಇದೇ ಬಗೆಯ ಯಂತ್ರಗಳ ಮೇಲೆ. ಅನಿಮೇಶನ್ ಹಾಗೂ ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು 2012ರಲ್ಲಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದ ರಾಜ್ಯ ಕರ್ನಾಟಕ. ಒಂದು ಕಾಲದ ಸೈಬರ್ ಸೆಂಟರುಗಳಲ್ಲಿ ಕೆಲವು ಗೇಮಿಂಗ್ ಸೆಂಟರುಗಳಾಗಿ ರೂಪಾಂತರ ಹೊಂದಿವೆ. ಬ್ಯಾಂಕಿನಿಂದ ಸಾಲ ಪಡೆದು 20 ಯಂತ್ರಗಳನ್ನು ಕೂರಿಸುವ ಸಣ್ಣ ಉದ್ದಿಮೆದಾರನಿಗೆ ಎಸ್‌ಎಂಪಿಎಸ್ ಆಯ್ಕೆಯು ಆಟವಲ್ಲ, ಬಂಡವಾಳದ ಪ್ರಶ್ನೆ.

ಮಂಜೂರಾದ ಮಿತಿ ಮತ್ತು ಡ್ರಾಯಿಂಗ್ ಪವರ್

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅಗತ್ಯ. 1000 ವಾಟ್‌ನ ಎಸ್‌ಎಂಪಿಎಸ್ ಹಾಕಿದರೆ ವಿದ್ಯುತ್ ಬಿಲ್ಲು 1000 ವಾಟ್‌ನ ಪ್ರಕಾರ ಬರುತ್ತದೆಂದು ನಂಬಿರುವವರು ವಿದ್ಯಾವಂತರಲ್ಲಿಯೂ ಇದ್ದಾರೆ. ವಾಟ್ ಸಂಖ್ಯೆಯು ಬಳಕೆಯನ್ನು ಹೇಳುವುದಿಲ್ಲ. ಅದು ಒದಗಿಸಬಲ್ಲ ಗರಿಷ್ಠ ಮಿತಿ. ಯಂತ್ರಕ್ಕೆ 250 ವಾಟ್ ಬೇಕಾದಾಗ ಸಣ್ಣ ಎಸ್‌ಎಂಪಿಎಸ್ ಆಗಲಿ ದೊಡ್ಡದಾಗಲಿ 250 ವಾಟ್ ಅನ್ನೇ ಕೊಡುತ್ತದೆ. ಎಚ್‌ಟಿ ಸಂಪರ್ಕ ಹೊಂದಿರುವ ಕಾರ್ಖಾನೆಯ ಮಾಲೀಕರಿಗೆ ಕಾಂಟ್ರಾಕ್ಟ್ ಡಿಮ್ಯಾಂಡ್ ಎಂದರೆ ಇದು ತಟ್ಟನೆ ಅರ್ಥವಾಗುತ್ತದೆ. ಡಿಮ್ಯಾಂಡನ್ನು ಬೇಕಾದುದಕ್ಕಿಂತ ಹೆಚ್ಚು ಬರೆಸಿಕೊಂಡರೆ ಬಳಸದ ವಿದ್ಯುತ್ತಿಗೂ ತಿಂಗಳು ತಿಂಗಳು ಶುಲ್ಕ ತೆರಬೇಕು; ಕಡಿಮೆ ಬರೆಸಿಕೊಂಡು ಮೀರಿದರೆ ದಂಡದ ದರ ಬೀಳುತ್ತದೆ. ಎಸ್‌ಎಂಪಿಎಸ್‌ನಲ್ಲಿ ಮಾಸಿಕ ಶುಲ್ಕವಿಲ್ಲ, ಹೆಚ್ಚು ಕೊಂಡುದರ ದಂಡ ಖರೀದಿಯ ದಿನವೇ ಒಮ್ಮೆಗೆ ತೀರುತ್ತದೆ. ಕಡಿಮೆ ಕೊಂಡುದರ ದಂಡ ಯಾವ ದಿನ ಬರುವುದೆಂದು ಹೇಳಲಾಗದು.

ಇನ್ನು ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಸಂಖ್ಯೆಯ ವಿಚಾರ. ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆಯಲ್ಲಿ ಮಂಜೂರಾದ ಮಿತಿ 50 ಲಕ್ಷವಿದ್ದರೂ ದಾಸ್ತಾನು ಮತ್ತು ಬಾಕಿಗಳ ಆಧಾರದ ಮೇಲೆ ಡ್ರಾಯಿಂಗ್ ಪವರ್ 30 ಲಕ್ಷವೆಂದು ನಿಗದಿಯಾದರೆ ಚೆಕ್ಕು ಪಾಸಾಗುವುದು 30 ಲಕ್ಷದವರೆಗೆ ಮಾತ್ರ. ಎಸ್‌ಎಂಪಿಎಸ್‌ನಲ್ಲಿಯೂ ಹೀಗೆಯೇ. ಅದು ಮನೆಯ 230 ವೋಲ್ಟ್ ವಿದ್ಯುತ್ತನ್ನು 12 ವೋಲ್ಟ್, 5 ವೋಲ್ಟ್ ಹಾಗೂ 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಇಂದಿನ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡುಗಳು ತಮಗೆ ಬೇಕಾದುದರ ಬಹುಪಾಲನ್ನು ಸೆಳೆಯುವುದು 12 ವೋಲ್ಟ್‌ನ ಸಾಲಿನಿಂದ. ಆದುದರಿಂದ ನೋಡಬೇಕಾದುದು ಡಬ್ಬಿಯ ಸಂಖ್ಯೆಯನ್ನಲ್ಲ, ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟ್ ಎಂಬುದರ ಎದುರು ಬರೆದಿರುವ ಆಂಪಿಯರನ್ನು. ಆಂಪಿಯರನ್ನು 12ರಿಂದ ಗುಣಿಸಿದರೆ ನಿಜವಾದ ಡ್ರಾಯಿಂಗ್ ಪವರ್ ದೊರೆಯುತ್ತದೆ. 550 ವಾಟ್‌ನ ಒಂದು ಸಾಚಾ ಎಸ್‌ಎಂಪಿಎಸ್‌ನಲ್ಲಿ ಇದು 45 ಆಂಪಿಯರ್‌ನಷ್ಟಿರುತ್ತದೆ, ಅಂದರೆ 540 ವಾಟ್. 450 ವಾಟ್ ಎಂದು ಹೆಸರು ಹೊತ್ತಿರುವ ಅಗ್ಗದ ಎಸ್‌ಎಂಪಿಎಸ್‌ನ ಲೇಬಲ್ಲಿನಲ್ಲಿ 18 ಆಂಪಿಯರ್ ಎಂದಿದ್ದರೆ ದೊರೆಯುವುದು 216 ವಾಟ್ ಮಾತ್ರ. ಇಲ್ಲಿ ಸುಳ್ಳು ಬರೆದಿರುವುದೇ ಇಲ್ಲವೆಂಬುದು ಗಮನಾರ್ಹ. ಸತ್ಯವನ್ನು ಸಣ್ಣ ಅಕ್ಷರದಲ್ಲಿ ಬರೆಯಲಾಗಿದೆ, ಅಷ್ಟೆ. ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿಗಳನ್ನು ಓದುವ ಅಭ್ಯಾಸವಿರುವವರಿಗೆ ಇದೇನೂ ಹೊಸತಲ್ಲ.

ಉಷ್ಣತೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಒಳ್ಳೆಯ ತಯಾರಕರು 40 ಅಥವಾ 50 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಪೂರ್ಣ ಸಾಮರ್ಥ್ಯ ನೀಡುವುದಾಗಿ ಸ್ಪಷ್ಟವಾಗಿ ನಮೂದಿಸುತ್ತಾರೆ. ಕೆಲವರು ಏನನ್ನೂ ಬರೆಯುವುದಿಲ್ಲ. ರಾಯಚೂರು, ಕಲಬುರಗಿ, ಬಳ್ಳಾರಿಗಳ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಕ್ಯಾಬಿನೆಟ್ಟಿನ ಒಳಗಿನ ಗಾಳಿ ಅದಕ್ಕಿಂತಲೂ ಬಿಸಿ. ತಂಪಾದ ಕೋಣೆಯಲ್ಲಿ ಅಳೆದ ವಾಟ್ ಸಂಖ್ಯೆ ಆ ಊರುಗಳ ಏಪ್ರಿಲ್ ತಿಂಗಳಿಗೆ ಅನ್ವಯವಾಗುವುದಿಲ್ಲ. ಬೆಂಗಳೂರಿನಲ್ಲಿ ಜೋಡಿಸಿ ರಾಯಚೂರಿಗೆ ಕಳುಹಿಸುವ ವ್ಯಾಪಾರಿಯು ಒಂದು ಮೆಟ್ಟಿಲು ಮೇಲಿನ ಸಾಮರ್ಥ್ಯವನ್ನು ಸೂಚಿಸಿದರೆ ಅದನ್ನು ದುಂದುವೆಚ್ಚವೆಂದು ಭಾವಿಸಬಾರದು.

ಲೆಕ್ಕ ಮಾಡುವ ಬಗೆ

ಲೆಕ್ಕ ಬಹಳ ಸರಳ. ಮೂರು ಬಾಬುಗಳನ್ನು ಕೂಡಿದರೆ ಮುಗಿಯಿತು. ಪ್ರೊಸೆಸರಿನ ಗರಿಷ್ಠ ವಿದ್ಯುತ್, ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್, ಹಾಗೂ ಮದರ್‌ಬೋರ್ಡು, ರ್‍ಯಾಮ್, ಡಿಸ್ಕು, ಫ್ಯಾನುಗಳೆಲ್ಲಕ್ಕೂ ಸೇರಿ 50ರಿಂದ 75 ವಾಟ್. ಪ್ರೊಸೆಸರಿನ ಬಾಬಿನಲ್ಲಿ ಮಾತ್ರ ಎಚ್ಚರ ಬೇಕು. ಇಂಟೆಲ್ ಕೋರ್ ಐ5-12400ಎಫ್ ಪ್ರೊಸೆಸರಿನ ವಿವರದಲ್ಲಿ ಮೊದಲು ಕಾಣುವುದು 65 ವಾಟ್ ಎಂಬ ಮೂಲ ಸಂಖ್ಯೆ. ಅದೇ ಪ್ರೊಸೆಸರಿನ ಟರ್ಬೊ ಗರಿಷ್ಠ 117 ವಾಟ್. ಐ9-14900ಕೆ ಪ್ರೊಸೆಸರಿನಲ್ಲಿ ಈ ಅಂತರ ಇನ್ನೂ ಹೆಚ್ಚು: ಮೂಲ 125, ಗರಿಷ್ಠ 253. ಲೆಕ್ಕಕ್ಕೆ ಹಿಡಿಯಬೇಕಾದುದು ಎರಡನೆಯ ಸಂಖ್ಯೆ.

ಮೇಲಿನ ಐ5 ಪ್ರೊಸೆಸರಿನ ಜೊತೆಗೆ 2023ರಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 4060 ಕಾರ್ಡನ್ನು ಜೋಡಿಸಿದರೆ 117 ಮತ್ತು 115, ಇತರೆ 60, ಒಟ್ಟು 292 ವಾಟ್. ಇದೂ ಪ್ರೊಸೆಸರು ಮತ್ತು ಕಾರ್ಡು ಎರಡೂ ಏಕಕಾಲದಲ್ಲಿ ಗರಿಷ್ಠ ಮಟ್ಟದಲ್ಲಿ ದುಡಿದಾಗ. ಆಟವಾಡುವ ಹೊತ್ತಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಈ ಮೊತ್ತವು ಎಸ್‌ಎಂಪಿಎಸ್ ಸಾಮರ್ಥ್ಯದ ಶೇಕಡಾ 50ರಿಂದ 75ರ ನಡುವೆ ಇರುವಂತೆ ಆರಿಸಿಕೊಳ್ಳುವುದು ವಿವೇಕದ ಮಾರ್ಗ. ಸಾಚಾ 450 ವಾಟ್‌ನಲ್ಲಿ ಈ ಯಂತ್ರ ಶೇಕಡಾ 65ರಲ್ಲಿ ನಡೆಯುತ್ತದೆ, 550 ವಾಟ್‌ನಲ್ಲಿ ಶೇಕಡಾ 53ರಲ್ಲಿ. ಎನ್‌ವಿಡಿಯಾ ಸಂಸ್ಥೆಯೇ ಈ ಕಾರ್ಡಿಗೆ 550 ವಾಟ್ ಸೂಚಿಸಿದೆ. ಗ್ರಾಹಕನ ಬಳಿ ಯಾವ ಪ್ರೊಸೆಸರಿದೆ, ಎಂತಹ ಎಸ್‌ಎಂಪಿಎಸ್ ಇದೆ ಎಂಬುದು ಕಾರ್ಡಿನ ತಯಾರಕನಿಗೆ ತಿಳಿಯದ ಕಾರಣ ಅವರ ಸೂಚನೆಯಲ್ಲಿಯೇ ಸಾಕಷ್ಟು ರಕ್ಷಣಾ ಅಂತರ ಅಡಗಿರುತ್ತದೆ. ಅದರ ಮೇಲೆ ಸಗಟು ವ್ಯಾಪಾರಿ 100, ಚಿಲ್ಲರೆ ವ್ಯಾಪಾರಿ ಇನ್ನೊಂದು 100 ಸೇರಿಸಿ 750 ವಾಟ್ ಎಂದು ಹೇಳಿದರೆ ಅದು ರಕ್ಷಣೆಯ ಮೇಲೆ ರಕ್ಷಣೆ, ವೆಚ್ಚದ ಮೇಲೆ ವೆಚ್ಚ.

ಮಧ್ಯಮ ವರ್ಗದ ಯಂತ್ರದಲ್ಲಿ ಲೆಕ್ಕ ಬೇರೆಯಾಗುತ್ತದೆ. ಎಎಂಡಿ ರೈಜನ್ 7 7800ಎಕ್ಸ್3ಡಿ ಪ್ರೊಸೆಸರಿನ ಮಿತಿ 162 ವಾಟ್, ಆರ್‌ಟಿಎಕ್ಸ್ 5070 ಕಾರ್ಡು 250 ವಾಟ್, ಇತರೆ 70; ಒಟ್ಟು 482. ಇಲ್ಲಿ 650 ವಾಟ್ ಸಾಕು, 750 ಆರಾಮ. ತುದಿಯ ಯಂತ್ರವಾದರೆ, ಅಂದರೆ ಐ9-14900ಕೆ ಜೊತೆಗೆ 450 ವಾಟ್‌ನ ಆರ್‌ಟಿಎಕ್ಸ್ 4090 ಇದ್ದರೆ, ಮೊತ್ತ 778ಕ್ಕೆ ಏರುತ್ತದೆ. ತಯಾರಕರು ಆ ಕಾರ್ಡಿಗೆ ಹೇಳಿದ 850 ವಾಟ್ ಇಲ್ಲಿ ಕತ್ತಿನವರೆಗಿನ ನೀರು. 1000 ವಾಟ್ ಬೇಕೇ ಬೇಕು.

ಕೆಲವು ವರ್ಷಗಳ ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಮಾರುಕಟ್ಟೆಯ ಮಾತಿನಲ್ಲಿ ಎಲ್ಲಿ ಉತ್ಪ್ರೇಕ್ಷೆಯಿದೆ ಎಂಬುದು ತಿಳಿಯುತ್ತದೆ. ತುದಿಯ ಕಾರ್ಡುಗಳು 2017ರ ಜಿಟಿಎಕ್ಸ್ 1080 ಟಿಐನ 250 ವಾಟ್‌ನಿಂದ 2020ರ ಆರ್‌ಟಿಎಕ್ಸ್ 3090ರ 350ಕ್ಕೆ, 2022ರಲ್ಲಿ 450ಕ್ಕೆ, 2025ರ ಆರ್‌ಟಿಎಕ್ಸ್ 5090ರಲ್ಲಿ 575ಕ್ಕೆ ಏರಿವೆ. ಜನಸಾಮಾನ್ಯರು ಕೊಳ್ಳುವ ವರ್ಗದಲ್ಲಿ ಹೀಗಾಗಿಲ್ಲ. 2016ರ ಜಿಟಿಎಕ್ಸ್ 1060 ಬಳಸುತ್ತಿದ್ದುದು 120 ವಾಟ್. 2021ರ 3060ರಲ್ಲಿ 170, ಅನಂತರದ 4060ರಲ್ಲಿ 115, 2025ರ 5060ರಲ್ಲಿ 145. ಹತ್ತು ವರ್ಷಗಳಲ್ಲಿ ಇಲ್ಲಿ ಏರಿಳಿತವಿದೆಯೇ ಹೊರತು ನಿರಂತರ ಏರಿಕೆಯಿಲ್ಲ. ಆದರೆ ಅಂಗಡಿಯಲ್ಲಿ "ಮುಂದೆ ಬರುವ ಕಾರ್ಡುಗಳು ಬಹಳ ಕರೆಂಟು ಎಳೆಯುತ್ತವೆ, ಈಗಲೇ ದೊಡ್ಡದು ಹಾಕಿಸಿ" ಎಂಬ ಸಲಹೆಯು 30 ಸಾವಿರದ ಕಾರ್ಡು ಕೊಳ್ಳುವವನಿಗೂ ಸಿಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಕಾಲಿದ್ದಷ್ಟೇ ಹಾಸಿಗೆ ಕೊಳ್ಳಬೇಕೆಂಬುದನ್ನೂ ಹೇಳಬೇಕಾಗಿತ್ತು.

ಕ್ಷಣಿಕ ಏರಿಕೆಯ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. 2020ರ ಸುಮಾರಿಗೆ ಬಂದ ದೊಡ್ಡ ಕಾರ್ಡುಗಳು ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ತಮ್ಮ ಘೋಷಿತ ಮಿತಿಯನ್ನು ಬಹಳವಾಗಿ ಮೀರಿ ವಿದ್ಯುತ್ತನ್ನು ಸೆಳೆಯುತ್ತಿದ್ದವು. ಲೆಕ್ಕದ ಪ್ರಕಾರ ಸಾಕಾಗಬೇಕಿದ್ದ ಎಸ್‌ಎಂಪಿಎಸ್‌ಗಳು ಆಟದ ನಡುವೆ ಯಂತ್ರವನ್ನು ಸ್ಥಗಿತಗೊಳಿಸಿದ ಪ್ರಸಂಗಗಳು ನಡೆದವು. 2022ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ 3.0 ಮಾನದಂಡವು ಹೊಸ ಬಗೆಯ ಕನೆಕ್ಟರ್ ಹೊಂದಿರುವ ಎಸ್‌ಎಂಪಿಎಸ್‌ಗಳು 100 ಮೈಕ್ರೊಸೆಕೆಂಡುಗಳ ಕಾಲ ತಮ್ಮ ಸಾಮರ್ಥ್ಯದ ಎರಡರಷ್ಟನ್ನು ತಾಳಿಕೊಳ್ಳಬೇಕೆಂದು ವಿಧಿಸಿತು. ಆದುದರಿಂದ ದೊಡ್ಡ ಕಾರ್ಡು ಕೊಳ್ಳುವವರು ಹಳೆಯ ಮಾನದಂಡದ 1000 ವಾಟ್‌ಗಿಂತ ಹೊಸ ಮಾನದಂಡದ 850 ವಾಟ್ ಮೇಲೋ ಎಂಬುದನ್ನು ವಿಚಾರಿಸಬೇಕು. ವಾಟ್ ಸಂಖ್ಯೆಯೊಂದೇ ಇದಕ್ಕೆ ಉತ್ತರ ಹೇಳಲಾರದು. ಅದೇ ಹೊಸ ಕನೆಕ್ಟರು 2022ರ ಅಕ್ಟೋಬರಿನಲ್ಲಿ 4090 ಕಾರ್ಡುಗಳಲ್ಲಿ ಕರಗಿದ ಪ್ರಕರಣಗಳು ವರದಿಯಾದವು. ಪ್ಲಗ್ಗು ಪೂರ್ತಿಯಾಗಿ ಒಳಸೇರದಿರುವುದು ಸಾಮಾನ್ಯ ಕಾರಣವೆಂದು ಎನ್‌ವಿಡಿಯಾ ತಿಳಿಸಿತು. ಮರುವರ್ಷ ಕನೆಕ್ಟರಿನ ವಿನ್ಯಾಸವನ್ನು ಪರಿಷ್ಕರಿಸಲಾಯಿತು. ಎಷ್ಟು ದೊಡ್ಡ ಎಸ್‌ಎಂಪಿಎಸ್ ಕೊಂಡರೂ ಜೋಡಿಸುವ ಕೈ ಅವಸರ ಮಾಡಿದರೆ ಪ್ರಯೋಜನವಿಲ್ಲ.

20 ಯಂತ್ರಗಳ ಜಮಾ-ಖರ್ಚು

ಜಿಲ್ಲಾ ಕೇಂದ್ರವೊಂದರಲ್ಲಿ 20 ಯಂತ್ರಗಳ ಗೇಮಿಂಗ್ ಸೆಂಟರ್ ಆರಂಭಿಸುವವನ ಮುಂದೆ ಎರಡು ಕೊಟೇಶನ್ನುಗಳಿವೆಯೆಂದು ಭಾವಿಸಬಹುದು. ಎರಡರಲ್ಲಿಯೂ ಪ್ರೊಸೆಸರು, ಕಾರ್ಡು, ಡಿಸ್ಕು ಎಲ್ಲವೂ ಒಂದೇ. ಮೊದಲನೆಯದರಲ್ಲಿ "ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್, 600 ವಾಟ್" ಎಂದು ಒಂದೇ ಸಾಲಿದೆ, ತಯಾರಕರ ಹೆಸರಿಲ್ಲ. ಎರಡನೆಯದರಲ್ಲಿ ಕ್ಯಾಬಿನೆಟ್ಟು ಬೇರೆ, ಐದು ವರ್ಷ ವಾರಂಟಿಯ 550 ವಾಟ್ ಬ್ರಾಂಜ್ ದರ್ಜೆಯ ಎಸ್‌ಎಂಪಿಎಸ್ ಬೇರೆ. ವ್ಯತ್ಯಾಸ ಯಂತ್ರಕ್ಕೆ 3,000 ರೂಪಾಯಿ, ಒಟ್ಟು 60,000, ತೆರಿಗೆ ಹೊರತುಪಡಿಸಿ. ಮೊದಲ ಕೊಟೇಶನ್ನಿನ ಬೆಲೆ ಕಡಿಮೆ, ವಾಟ್ ಹೆಚ್ಚು. ಮೇಲುನೋಟಕ್ಕೆ ಆಯ್ಕೆ ಸುಲಭ.

ಆಟದ ಹೊತ್ತಿನಲ್ಲಿ ಯಂತ್ರವೊಂದಕ್ಕೆ ಸರಾಸರಿ 240 ವಾಟ್ ಬೇಕು, ಹೆಸರಿಲ್ಲದ ಎಸ್‌ಎಂಪಿಎಸ್‌ನ ದಕ್ಷತೆ ಶೇಕಡಾ 75, ಬ್ರಾಂಜ್‌ನದು ಶೇಕಡಾ 85 ಎಂದು ಇಟ್ಟುಕೊಂಡರೆ, ಗೋಡೆಯ ಸಾಕೆಟ್ಟಿನಿಂದ ಮೊದಲನೆಯದು 320 ವಾಟ್ ಎಳೆಯುತ್ತದೆ, ಎರಡನೆಯದು 282. ಉಳಿದದ್ದು ಶಾಖವಾಗಿ ಕೋಣೆಗೆ ಸೇರುತ್ತದೆ, ಅದನ್ನು ಹೊರಹಾಕಲು ಏರ್ ಕಂಡೀಶನರು ಮತ್ತೆ ವಿದ್ಯುತ್ತನ್ನು ಬಳಸುತ್ತದೆ. ಆ ಎರಡನೆಯ ವೆಚ್ಚವನ್ನು ಬದಿಗಿಟ್ಟರೂ, ವರ್ಷಕ್ಕೆ 3,000 ಗಂಟೆಗಳ ಓಟದಲ್ಲಿ ಯಂತ್ರವೊಂದಕ್ಕೆ ಸುಮಾರು 113 ಯೂನಿಟ್, 20 ಯಂತ್ರಗಳಿಗೆ ಸುಮಾರು 2,260 ಯೂನಿಟ್ ಉಳಿತಾಯ. ಲೆಕ್ಕಕ್ಕಾಗಿ ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 18,000 ರೂಪಾಯಿ. ಹೆಚ್ಚುವರಿ 60,000 ಮರಳಿ ಬರಲು ಮೂರು ವರ್ಷ ನಾಲ್ಕು ತಿಂಗಳು ಬೇಕು. ವಾರಂಟಿಯ ಅವಧಿ ಐದು ವರ್ಷ.

ವಿದ್ಯುತ್ ಉಳಿತಾಯವೊಂದನ್ನೇ ನೆಚ್ಚಿದರೆ ಇದು ಬಹಳ ಆಕರ್ಷಕ ಹೂಡಿಕೆಯಲ್ಲ ಎಂಬುದನ್ನು ಒಪ್ಪಬೇಕು. ಮನೆಯಲ್ಲಿ ದಿನಕ್ಕೆ ಎರಡು ಗಂಟೆ ಆಡುವ ಹುಡುಗನ ವಿಷಯದಲ್ಲಂತೂ ಉಳಿತಾಯ ವರ್ಷಕ್ಕೆ 220 ರೂಪಾಯಿಯ ಸುತ್ತ. ಅದಕ್ಕಾಗಿ ಗೋಲ್ಡ್, ಪ್ಲಾಟಿನಂ ದರ್ಜೆಗಳ ಬೆನ್ನುಹತ್ತುವುದು ವ್ಯರ್ಥ. ನಿಜವಾದ ಬಾಬು ಬೇರೆ ಇದೆ. ರಕ್ಷಣಾ ವ್ಯವಸ್ಥೆಯಿಲ್ಲದ ಅಗ್ಗದ ಎಸ್‌ಎಂಪಿಎಸ್ ಕೆಟ್ಟಾಗ ತಾನೊಂದೇ ಕೆಡುತ್ತದೆಂಬ ಭರವಸೆಯಿಲ್ಲ, ಮದರ್‌ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕರೆದೊಯ್ಯಬಹುದು. ಸುಟ್ಟ ಗುರುತಿರುವ ಕಾರ್ಡಿಗೆ ಕಾರ್ಡಿನ ಕಂಪೆನಿ ಸಾಮಾನ್ಯವಾಗಿ ವಾರಂಟಿ ಮಾನ್ಯ ಮಾಡುವುದಿಲ್ಲ. 30,000 ರೂಪಾಯಿಯ ಎರಡು ಕಾರ್ಡುಗಳು ಸುಟ್ಟರೆ ಉಳಿಸಿದ 60,000 ಅಲ್ಲಿಗೆ ಸಮ. ಅಷ್ಟು ದಿನ ಯಂತ್ರ ನಿಂತು ತಪ್ಪಿದ ವರಮಾನ ಇದರ ಮೇಲಿನದು. ಸಾಲದ ಕಂತಿಗಂತೂ ಯಂತ್ರ ನಿಂತಿದೆಯೇ ನಡೆದಿದೆಯೇ ಎಂಬುದು ಗೊತ್ತಾಗುವುದಿಲ್ಲ.

ತೆರಿಗೆಯ ಬಗ್ಗೆ ಎರಡು ಮಾತು ಸಾಕು. ನೋಂದಾಯಿತ ಉದ್ದಿಮೆದಾರನು ತನ್ನ ತೆರಿಗೆಗೊಳಪಡುವ ವ್ಯವಹಾರಕ್ಕಾಗಿ ಕೊಂಡಾಗ ಶೇಕಡಾ 18ರ ಜಿಎಸ್‌ಟಿ ಹೂಡುವಳಿ ತೆರಿಗೆಯಾಗಿ ಮರಳುತ್ತದೆ, ಆದರೆ ಬಿಲ್ಲಿಲ್ಲದೆ ಕೊಂಡ "ಲೋಕಲ್" ಮಾಲಿಗೆ ಅದೂ ಇಲ್ಲ, ವಾರಂಟಿಯೂ ಇಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ದರವನ್ನು 2017ರ ಏಪ್ರಿಲ್‌ನಿಂದ ಶೇಕಡಾ 60ರಿಂದ 40ಕ್ಕೆ ಇಳಿಸಿದ ಮೇಲೆ ಬೇಗ ಕೊಂಡು ಬೇಗ ಬಿಸಾಡುವ ಪದ್ಧತಿಯ ಲಾಭವೂ ಕುಗ್ಗಿತು.

ದರ್ಜೆಯ ಗುರುತು ಏನನ್ನು ಹೇಳುವುದಿಲ್ಲ

2004ರಲ್ಲಿ ಅಮೆರಿಕದಲ್ಲಿ ಆರಂಭವಾದ 80 ಪ್ಲಸ್ ಎಂಬ ದೃಢೀಕರಣ ವ್ಯವಸ್ಥೆಯಿಂದ ಗ್ರಾಹಕರಿಗೆ ಅನುಕೂಲವಾಗಿದೆ. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಭಾರದಲ್ಲಿದ್ದಾಗ ಬ್ರಾಂಜ್ ದರ್ಜೆಗೆ ಶೇಕಡಾ 85, ಗೋಲ್ಡ್ ದರ್ಜೆಗೆ ಶೇಕಡಾ 90 ದಕ್ಷತೆ ಬೇಕು. ಭಾರತದ 230 ವೋಲ್ಟ್‌ನಲ್ಲಿ ದಕ್ಷತೆ ಸ್ವಲ್ಪ ಹೆಚ್ಚೇ ದೊರೆಯುತ್ತದೆ. ಆದರೆ ಈ ಗುರುತು ದಕ್ಷತೆಗೆ ಮಾತ್ರ ಸಾಕ್ಷಿ. ಸುರಕ್ಷತೆಗೂ ಬಾಳಿಕೆಗೂ ಅದು ಜಾಮೀನು ನಿಲ್ಲುವುದಿಲ್ಲ. 2020-21ರಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಗೆ ತೀವ್ರ ಅಭಾವವಿದ್ದಾಗ ಅಮೆರಿಕದ ನ್ಯೂಎಗ್ ಮಳಿಗೆಯು ಕಾರ್ಡಿನ ಜೊತೆಗೆ ಇತರ ಸಾಮಾನುಗಳನ್ನು ಕಟ್ಟಿ ಮಾರಿತು. ಹಾಗೆ ಮಾರಿದವುಗಳಲ್ಲಿ ಗೋಲ್ಡ್ ದರ್ಜೆಯ ಗುರುತು ಹೊತ್ತ ಗಿಗಾಬೈಟ್‌ನ 750 ವಾಟ್ ಮಾದರಿಯೊಂದಿತ್ತು. 2021ರ ಆಗಸ್ಟ್‌ನಲ್ಲಿ ಗೇಮರ್ಸ್ ನೆಕ್ಸಸ್ ಎಂಬ ಪರೀಕ್ಷಕರು ಪ್ರಕಟಿಸಿದ ಪರೀಕ್ಷೆಗಳಲ್ಲಿ ಅದರ ಹಲವು ಘಟಕಗಳು ಕೆಟ್ಟವು, ಕೆಲವು ಸಿಡಿದವು. ತಯಾರಕರು ಪರೀಕ್ಷಾ ವಿಧಾನವನ್ನು ಆಕ್ಷೇಪಿಸಿದರೂ, ಅತಿಭಾರ ರಕ್ಷಣೆಯ ಮಿತಿಯನ್ನು ಶೇಕಡಾ 120-150ರಿಂದ 110-120ಕ್ಕೆ ಇಳಿಸಿ, ನಿರ್ದಿಷ್ಟ ಸರಣಿಯ ಘಟಕಗಳನ್ನು ಬದಲಿಸಿಕೊಡುವುದಾಗಿ ತಿಳಿಸಿದರು. ಬೇಡಿಕೆಯ ಸರಕಿನ ಜೊತೆಗೆ ಬೇಡದ ಸರಕನ್ನು ಕಟ್ಟಿ ಮಾರುವುದು ಇಲ್ಲಿನ ಪೇಟೆಗೂ ಅಪರಿಚಿತವಲ್ಲ. ರಸಗೊಬ್ಬರದ ಅಂಗಡಿಯ ಮುಂದೆ ನಿಂತ ರೈತನನ್ನು ಕೇಳಿದರೆ ಅವನೂ ಹೇಳಬಲ್ಲ.

ಯುಪಿಎಸ್ ಎಂಬ ಮರೆತ ಬಾಬು

ಎಸ್‌ಎಂಪಿಎಸ್‌ಗೆ ಇಷ್ಟೆಲ್ಲ ಲೆಕ್ಕ ಹಾಕಿದವರೂ ಯುಪಿಎಸ್ ಹತ್ತಿರ ಬಂದಾಗ ಎಡವುತ್ತಾರೆ. ಪೇಟೆಯಲ್ಲಿ ಹೆಚ್ಚು ಖರ್ಚಾಗುವ 600 ವಿಎ ಯುಪಿಎಸ್‌ನ ನೈಜ ಸಾಮರ್ಥ್ಯ ಸಾಮಾನ್ಯವಾಗಿ 360 ವಾಟ್. ವಿಎ ಮತ್ತು ವಾಟ್‌ನ ನಡುವಿನ ಈ ಅಂತರ ಪವರ್ ಫ್ಯಾಕ್ಟರಿನ ಅಂತರ. ಕೆವಿಎ ಲೆಕ್ಕದಲ್ಲಿ ಬಿಲ್ಲು ಕಟ್ಟುವ ಕಾರ್ಖಾನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಮೇಲೆ ಹೇಳಿದ ಐ5 ಯಂತ್ರವು ಗರಿಷ್ಠ 292 ವಾಟ್ ಬಳಸುವಾಗ ಬ್ರಾಂಜ್ ಎಸ್‌ಎಂಪಿಎಸ್ ಮೂಲಕ ಸಾಕೆಟ್ಟಿನಿಂದ ಎಳೆಯುವುದು ಸುಮಾರು 343 ವಾಟ್, ಮಾನಿಟರಿಗೆ 30 ಸೇರಿದರೆ 373. ಯುಪಿಎಸ್‌ನ ಮಿತಿ ದಾಟಿತು. ಸಾಮಾನ್ಯ ಹೊತ್ತಿನಲ್ಲಿ 312 ವಾಟ್ ಆದುದರಿಂದ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಕರೆಂಟು ಹೋದ ಕ್ಷಣದಲ್ಲಿ ಯಂತ್ರವು ಗರಿಷ್ಠ ಮಟ್ಟದಲ್ಲಿದ್ದರೆ ಯುಪಿಎಸ್ ಕೈಚೆಲ್ಲುತ್ತದೆ. ಯಾವ ಕ್ಷಣಕ್ಕಾಗಿ ಅದನ್ನು ಕೊಳ್ಳಲಾಗಿತ್ತೋ ಆ ಕ್ಷಣದಲ್ಲಿಯೇ. ದೂರು ಬರುವುದು ಮಾತ್ರ ಎಸ್‌ಎಂಪಿಎಸ್ ಮೇಲೆ. 1000 ವಿಎ, 600 ವಾಟ್‌ನ ಯುಪಿಎಸ್ ಅನ್ನು ಆರಂಭದಲ್ಲಿಯೇ ಸೂಚಿಸಿದ್ದರೆ ಆ ದೂರೇ ಇರುತ್ತಿರಲಿಲ್ಲ. ದೊಡ್ಡ ಎಸ್‌ಎಂಪಿಎಸ್‌ಗೆ ಅನಗತ್ಯವಾಗಿ ಸುರಿಯುವ ಹಣ ಹೋಗಬೇಕಾದ ಸ್ಥಳ ಇದು. ಸರಿಯಾದ ಅರ್ತಿಂಗ್ ಇನ್ನೊಂದು.

ಜೋಡಿಸುವವನ ಹೊಣೆ

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆರನೆಯ ಅಧ್ಯಾಯವು ಉತ್ಪನ್ನ ಹೊಣೆಗಾರಿಕೆಯನ್ನು ಕುರಿತದ್ದು. ಅದರ 86ನೆಯ ಕಲಮನ್ನು ಕಂಪ್ಯೂಟರ್ ಅಸೆಂಬ್ಲರುಗಳು ಒಮ್ಮೆ ಸಾವಧಾನವಾಗಿ ಓದಬೇಕು. ಮಾರಾಟಗಾರನು ತಯಾರಕನಲ್ಲದಿದ್ದರೂ, ಜೋಡಣೆ, ಪರಿಶೀಲನೆ ಅಥವಾ ನಿರ್ವಹಣೆಯಲ್ಲಿ ಯುಕ್ತ ಎಚ್ಚರಿಕೆ ವಹಿಸದಿದ್ದರೆ, ಇಲ್ಲವೆ ತಯಾರಕನ ಎಚ್ಚರಿಕೆ ಮತ್ತು ಬಳಕೆಯ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದಿದ್ದರೆ, ಹಾಗೂ ಹಾನಿಗೆ ಅದೇ ನೇರ ಕಾರಣವಾಗಿದ್ದರೆ, ಆತ ಹೊಣೆಗಾರನಾಗುತ್ತಾನೆ. ತಯಾರಕ ಯಾರೆಂದೇ ತಿಳಿಯದ ಸರಕನ್ನು ಮಾರಿದರೂ ಹೊಣೆ ಮಾರಾಟಗಾರನ ಮೇಲೆಯೇ ಬರುತ್ತದೆ. ಹೆಸರಿಲ್ಲದ ಎಸ್‌ಎಂಪಿಎಸ್‌ನಲ್ಲಿ ಉಳಿಯುವ 300 ರೂಪಾಯಿ ಹೆಚ್ಚಿನ ಲಾಭವು ಈ ಹೊಣೆಯ ಬೆಲೆಯನ್ನು ಒಳಗೊಂಡಿಲ್ಲ. ಇಲ್ಲಿ ಒಂದು ಸೂಕ್ಷ್ಮವೂ ಇದೆ. ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವನು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನಲ್ಲ. ಸ್ವಯಂ ಉದ್ಯೋಗದ ಜೀವನೋಪಾಯಕ್ಕೆಂದೇ ಕೊಂಡವನಿಗೆ ಮಾತ್ರ ವಿನಾಯಿತಿ. 20 ಯಂತ್ರಗಳನ್ನು ಕೂರಿಸಿ ಆಳುಗಳನ್ನಿಟ್ಟು ನಡೆಸುವವನು ಆಯೋಗದ ಬಾಗಿಲಲ್ಲಿ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಅಂಥವನಿಗೆ ಕೊಟೇಶನ್ನಿನ ಬರಹವೇ ಮುಖ್ಯ ಆಧಾರ.

ವ್ಯಾಪಾರಿಗಳ ಪಕ್ಷವನ್ನೂ ಕೇಳುವುದು ನ್ಯಾಯ. ಅಂಗಡಿಗೆ ಬರುವ ಗ್ರಾಹಕನು ಕಾರ್ಡಿನ ಮಾದರಿ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾನೆ, ಎಸ್‌ಎಂಪಿಎಸ್ ವಿಷಯ ಬಂದೊಡನೆ "ಯಾವುದಾದರೂ ಹಾಕಿ" ಎನ್ನುತ್ತಾನೆ. ಪಕ್ಕದ ಅಂಗಡಿಯ ಕೊಟೇಶನ್ನು 2,000 ಕಡಿಮೆಯಿದ್ದರೆ ಎದ್ದು ಹೋಗುತ್ತಾನೆ. ಸಾಚಾ ಮಾಲು ಇಟ್ಟವನ ಕೊಟೇಶನ್ನು ಯಾವಾಗಲೂ ದುಬಾರಿಯಾಗಿ ಕಾಣುತ್ತದೆ, ಏಕೆಂದರೆ ಎರಡೂ ಕಾಗದಗಳಲ್ಲಿ ಎಸ್‌ಎಂಪಿಎಸ್ ಕುರಿತು ಇರುವುದು ಒಂದು ವಾಟ್ ಸಂಖ್ಯೆ ಮಾತ್ರ. ಈ ದೂರು ನಿಜ. ಪರಿಹಾರ ದೊರೆಯಬೇಕಾದುದೂ ಅದೇ ಕಾಗದದಲ್ಲಿ.

ಕಂಪ್ಯೂಟರ್ ವ್ಯಾಪಾರಿಗಳ ಸಂಘಗಳು ಒಟ್ಟಾಗಿ ಒಂದು ಸಮಾನ ಕೊಟೇಶನ್ ನಮೂನೆಯನ್ನು ಒಪ್ಪಿಕೊಳ್ಳಲು ಸಾಧ್ಯವಿದೆ. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ. ಎಸ್‌ಎಂಪಿಎಸ್ ಅನ್ನು ಕ್ಯಾಬಿನೆಟ್ಟಿನ ಜೊತೆ ಸೇರಿಸದೆ ಪ್ರತ್ಯೇಕ ಸಾಲಿನಲ್ಲಿ ತೋರಿಸುವುದು. ತಯಾರಕ, ಮಾದರಿ, 12 ವೋಲ್ಟ್ ಸಾಲಿನ ಆಂಪಿಯರು, ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆ, ವಾರಂಟಿಯ ಅವಧಿಗಳನ್ನು ಅಲ್ಲಿ ಬರೆಯುವುದು. ಅದರ ಕೆಳಗೆ ಪ್ರೊಸೆಸರು, ಕಾರ್ಡು, ಇತರೆ ಎಂಬ ಮೂರು ಅಂಕಿಗಳ ಮೊತ್ತವನ್ನೂ ಅದು ಸಾಮರ್ಥ್ಯದ ಶೇಕಡಾ ಎಷ್ಟು ಎಂಬುದನ್ನೂ ನಮೂದಿಸುವುದು. ಯುಪಿಎಸ್ ಇದ್ದರೆ ಅದರ ವಿಎ ಮತ್ತು ವಾಟ್ ಎರಡನ್ನೂ ಕಾಣಿಸುವುದು. ಇಷ್ಟಕ್ಕೆ ನಾಲ್ಕು ಸಾಲು ಸಾಕು. ಗ್ರಾಹಕನು ಮುಂದೆ ದೊಡ್ಡ ಕಾರ್ಡು ಹಾಕುವ ಉದ್ದೇಶವನ್ನು ತಿಳಿಸಿದ್ದರೆ ಐದನೆಯ ಸಾಲಿನಲ್ಲಿ ಅದನ್ನೂ ಬರೆದು ಆತನ ಸಹಿ ಪಡೆಯಬಹುದು. ಎರಡು ವರ್ಷಗಳ ನಂತರ ಆತ ಸುಟ್ಟ ಕಾರ್ಡನ್ನು ಹಿಡಿದು ಬಂದು "ನೀವೇ ಇದು ಸಾಕೆಂದು ಹೇಳಿದ್ದಿರಿ" ಎಂದಾಗ, ಹೇಳಿದ್ದು ಏನೆಂಬುದು ಕಡತದಲ್ಲಿ ದೊರೆಯುತ್ತದೆ.